ಕೈ ಖಾಲಿ ಇಲ್ಲ

"ಹುಳಕ್ಕೆಲ್ಲ ಜ್ವರ ಮೇಡಂ. ಇವತ್ತು ಬರಬ್ಯಾಡಿ."

ಹುಳ ಕೊಡುತ್ತೇನೆಂದಿದ್ದ ಅಜ್ಜೀಪುರದ ರೇಷ್ಮೆ ರೈತ ಫೋನಿನಲ್ಲಿ ಹೇಳಿದ್ದು ಇಷ್ಟೇ. ನಂಜಮಣಿಗೆ ಗಾಬರಿಯಾಗಲು ಅಷ್ಟು ಸಾಕಾಯಿತು. ಒಲೆ ಮೇಲೆ ಹಾಲು ಉಕ್ಕಿದರೆ ಸಿಲಿಂಡರ್ ಸಿಡಿಯುವ ತನಕ ಯೋಚನೆ ಓಡಿಸುವ ಹುಡುಗಿ ಅವಳು. ಕೊಳ್ಳೇಗಾಲದ ಆ ಸಣ್ಣ ರೇಷ್ಮೆ ಪ್ರಯೋಗಾಲಯಕ್ಕೆ ಬಂದು ಇನ್ನೂ ವಾರವಾಗಿರಲಿಲ್ಲ. ಅದಕ್ಕೆ ಮೊದಲು ಮೈಸೂರಿನಲ್ಲಿ ಇಲಿಗಳ ಮೇಲೆ ಕೆಲಸ ಮಾಡಿದ್ದಳು. ಯಳಂದೂರಿನ ಅವಳ ಮನೆಯಲ್ಲಿ ಭತ್ತವಿತ್ತು, ಎಮ್ಮೆಯಿತ್ತು. ರೇಷ್ಮೆ ಹುಳದ ಸಹವಾಸ ಇರಲಿಲ್ಲ. ಇಲಿಗೆ ಕಾಯಿಲೆ ಬಂದರೆ ಪಂಜರಕ್ಕೆ ಪಂಜರವೇ ಖಾಲಿಯಾಗುತ್ತದೆ ಅನ್ನುವುದಷ್ಟೇ ಅವಳಿಗೆ ಗೊತ್ತಿತ್ತು.

ಹಾಗಾಗಿ ಬರಬೇಡಿ ಅಂದ ಕಡೆಗೇ ಹೊರಟಳು. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು, ಚೀಲದಲ್ಲಿ ಬ್ಲೀಚಿಂಗ್ ಪೌಡರ್. ಹನೂರು ದಾಟುವ ತನಕ ಬಸ್ಸಿನಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ.

ಅಜ್ಜೀಪುರದಲ್ಲಿ ಇಳಿದು, ಕೇಳಿಕೊಂಡು ಹೋದಾಗ ಹುಳದ ಮನೆಯ ಬಾಗಿಲಲ್ಲಿ ಒಬ್ಬ ಹೆಗಲ ಮೇಲಿನ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದ. ಫೋನಿನಲ್ಲಿ ಮಾತಾಡಿದ ಬಸವಕುಮಾರ್ ಅವನೇ.

"ಏನ್ ಮೇಡಂ, ಊರ್ಗೇ ಏನಾರ ಬಂದದಾ?" ಅಂದ, ಅವಳ ಅವತಾರ ನೋಡಿ.

"ಜ್ವರ ಅಂದವರು ನೀವೇ ತಾನೆ? ಎಷ್ಟು ಹುಳ ಸತ್ತವು? ಉಳಿದಿದ್ದನ್ನ ಬೇರೆ ಮಾಡಿದ್ದೀರಾ?"

ಅವನು ಮಾಸ್ಕು ನೋಡಿದ, ಗ್ಲೌಸು ನೋಡಿದ, ಚೀಲದಿಂದ ಇಣುಕುತ್ತಿದ್ದ ಪೌಡರಿನ ಪ್ಯಾಕೆಟ್ಟನ್ನು ನೋಡಿದ. ತುಟಿಯನ್ನು ಹೇಗೋ ಬಿಗಿಹಿಡಿದ. ಕಣ್ಣು ಮಾತ್ರ ಅವನ ಮಾತು ಕೇಳಲಿಲ್ಲ.

"ಚಪ್ಪಲಿ ಇಲ್ಲೇ ಬುಡಿ. ಮೆಲ್ಲಗೆ ಬನ್ನಿ."

ಒಳಗೆ ಅಂತಸ್ತು ಅಂತಸ್ತಾಗಿ ಕಟ್ಟಿದ್ದ ತಟ್ಟೆಗಳ ತುಂಬ ಹುಳ. ಒಂದೂ ಸೊಪ್ಪು ಮುಟ್ಟುತ್ತಿರಲಿಲ್ಲ. ಎಲ್ಲವೂ ತಲೆಯೆತ್ತಿಕೊಂಡು ಅಲ್ಲಾಡದೆ ಕೂತಿದ್ದವು.

"ಸತ್ತಿಲ್ಲ. ಪೊರೆ ಬುಡ್ತವೆ ಕಣ್ರಿ. ಹಳೇ ಚರ್ಮ ಬುಟ್ಟು ಹೊಸದ್ರಲ್ಲಿ ಏಳ್ತವೆ. ಅದುಕ್ಕೆ ನಾವು ಜ್ವರ ಅಂತೀವಿ. ಇದು ಮೂರನೇ ಜ್ವರ. ನಾಲ್ಕನೇದು ಎದ್ದ ಮ್ಯಾಲೆ ನೋಡ್ಬೇಕು, ಸೊಪ್ಪು ಆಕಿ ಆಕಿ ನಮಗೇ ಜ್ವರ ಬತ್ತದೆ."

ಮೌಲ್ಟಿಂಗ್! ಅದರ ಬಗ್ಗೆ ಪುಟಗಟ್ಟಲೆ ಓದಿದ್ದಳು ನಂಜಮಣಿ. ಯಾವ ಪುಟದಲ್ಲೂ ಅದಕ್ಕೆ ಜ್ವರ ಅನ್ನುತ್ತಾರೆಂದು ಬರೆದಿರಲಿಲ್ಲ. ಕಿವಿಯವರೆಗೂ ಕೆಂಪಾಗಿ ಮಾಸ್ಕು ತೆಗೆದಳು. ಮೂಗಿನ ಮೇಲೆ ಅದು ಒತ್ತಿದ ಗೆರೆ ಹಾಗೇ ಉಳಿದಿತ್ತು. ಅವನು ಆ ಗೆರೆಯನ್ನು ನೋಡಿದ. ಅವಳು ಉಜ್ಜಿಕೊಂಡಳು. ಅವನು ತಕ್ಷಣ, ಏನೂ ನೋಡಿಲ್ಲದವನ ಹಾಗೆ ಹುಳಗಳ ಕಡೆ ತಿರುಗಿದ.

"ಪೌಡರ್ ಕೊಟ್ಟೋಗಿ ಮೇಡಂ," ಅಂದ. "ಬಚ್ಲಿಗಾಯ್ತದೆ."

ಅಂದಿನಿಂದ ಅವಳಿಗೆ ಬೇಕಾದ ಹುಳ ತಂದುಕೊಡುವ ಕೆಲಸ ಅವನದಾಯಿತು. ಐಸ್ ತುಂಬಿದ ಡಬ್ಬಿ ಹಿಡಿದು ಬರುತ್ತಿದ್ದ. ಡಬ್ಬಿ ಕೊಟ್ಟ ಮೇಲೂ ಹೋಗುತ್ತಿರಲಿಲ್ಲ. ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಟೀ ಕುಡಿಯುತ್ತಿದ್ದ. ಅಲ್ಲಿ ಗುಡಿಸುವ ಶಂಕರಮ್ಮ ಕೇಳದೆಯೇ ಎರಡು ಲೋಟ ತರುವುದನ್ನು ರೂಢಿ ಮಾಡಿಕೊಂಡಿದ್ದಳು.

"ಅಷ್ಟ್ ಸಣ್ಣ ಟ್ಯೂಬಲ್ಲಿ ಏನದೆ ಮೇಡಂ, ಅಂಗೆ ಮಗು ತರ ಇಡ್ಕತೀರಲ್ಲ?"

"ಆಂಟಿಬಾಡಿ. ಹುಳದ ನರದಲ್ಲಿ ಪೊಟ್ಯಾಸಿಯಂ ಆಚೆ ಹೋಗೋಕೆ ಒಂದು ಬಾಗಿಲಿರುತ್ತೆ, ಪ್ರೋಟೀನಿಂದು. ಬಾಗಿಲು ತೆರೆದರೆ ನರ ಸುಮ್ಮನಾಗುತ್ತೆ. ಜ್ವರ ಎದ್ದ ಹುಳದಲ್ಲಿ ಆ ಬಾಗಿಲು ಎಷ್ಟಿದೆ ಅಂತ ಹುಡುಕ್ತಿದ್ದೀನಿ. ಕಣ್ಣಿಗೆ ಕಾಣಲ್ಲವಲ್ಲ, ಇದು ಹೋಗಿ ಅದಕ್ಕೆ ಅಂಟಿಕೊಂಡು ತೋರಿಸುತ್ತೆ. ಒಂದು ಕಪ್ಪು ಗೆರೆ ಬರುತ್ತೆ."

"ಎಲ್ಲಿಂದ ತರ್ಸುದ್ರಿ?"

"ಒಂದು ಮೊಲದಿಂದ. ಇಲಿಯ ಆ ಪ್ರೋಟೀನಿನ ತುಂಡೊಂದನ್ನ ಮೊಲಕ್ಕೆ ಚುಚ್ಚಿದ್ದಾರೆ. ಮೊಲದ ರಕ್ತ ಅದರ ಗುರುತು ಕಲಿತಿದೆ."

ಕುಮಾರ್ ಲೋಟ ಕೆಳಗಿಟ್ಟ. "ಇಲಿ ಗುರ್ತು ಕಲ್ತಿರೋ ಮೊಲಕ್ಕೆ ನಮ್ಮ ಹುಳದ ಗುರ್ತು ಸಿಕ್ಕದಾ?"

ನಗಬೇಕೆಂದುಕೊಂಡ ನಂಜಮಣಿಗೆ ನಗು ಬರಲಿಲ್ಲ. ಮೈಸೂರಿನಲ್ಲಿ ಅವಳ ಸಂಶೋಧನೆಯ ಗೈಡು ಕೂಡ ಅದನ್ನೇ ಕೇಳಿದ್ದರು. ಮೊದಲ ಸಲ ಗೆರೆ ಬಂದಿತ್ತು, ನಿಜ. ಅದು ಸರಿಯಾದ ಗೆರೆಯೇ ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಮತ್ತೊಮ್ಮೆ ಪರೀಕ್ಷೆ ಮಾಡಲು ಉಳಿದಿದ್ದದ್ದು ಒಂದೇ ಟ್ಯೂಬು. ಆ ಮೊಲ ಸತ್ತುಹೋಗಿತ್ತು. ಬೇರೆ ಮೊಲದ್ದು ಹೀಗೇ ಇರುವುದಿಲ್ಲ. ಗೆರೆ ನಿಜವಾದರೆ ಕೆಲಸ ಮುಂದುವರಿಯುತ್ತದೆ, ಅವಳು ಕೊಳ್ಳೇಗಾಲದಲ್ಲಿ ಉಳಿಯುತ್ತಾಳೆ. ಸುಳ್ಳಾದರೆ ಗಂಟುಮೂಟೆ ಕಟ್ಟಬೇಕು. ಈ ಮೆಟ್ಟಿಲು, ಈ ಎರಡು ಲೋಟ, ಯಾವುದೂ ಇರುವುದಿಲ್ಲ. ಇದನ್ನು ಅವನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಸುಳ್ಳು ಗೆರೆ ಅಂತ ಎಂಗ್ ಗೊತ್ತಾಗದು?" ಅವನೇ ಕೇಳಿದ.

"ಆಂಟಿಬಾಡಿಗೆ ಕೈ ಇದೆ ಅಂದ್ಕೊಳ್ಳಿ. ಅದು ಹಿಡಿಯಬೇಕಾದ ತುಂಡನ್ನೇ ಮೊದಲು ಅದರ ಕೈಗೆ ಕೊಟ್ಟುಬಿಡೋದು. ಕೈ ಖಾಲಿ ಇಲ್ಲದಿದ್ರೆ ಅದು ಇನ್ನೇನನ್ನೂ ಹಿಡಿಯಲ್ಲ. ಹುಳದ ಮೇಲೆ ಬಿಟ್ಟರೂ ಗೆರೆ ಬರಲ್ಲ. ಆಗ ಮೊದಲು ಬಂದಿದ್ದು ನಿಜವಾದ ಗೆರೆ."

"ಆಗ್ಲೂ ಬಂದ್ರೆ?"

"ಮೊದಲಿಂದಲೂ ಬೇರೆ ಯಾವುದಕ್ಕೋ ಅಂಟಿಕೊಂಡಿತ್ತು ಅಂತ."

"ಕೈ ಖಾಲಿ ಇಲ್ದಿದ್ರೆ ಬ್ಯಾರೆ ಏನೂ ಇಡಿಯಲ್ಲ," ಅಂದ ಅವನು, ಲೆಕ್ಕದ ಮೇಷ್ಟ್ರ ಮುಂದೆ ಸೂತ್ರ ಒಪ್ಪಿಸುವ ಹುಡುಗನ ಹಾಗೆ. ಹೇಳುವಾಗ ಟ್ಯೂಬು ನೋಡಲಿಲ್ಲ, ಅವಳನ್ನು ನೋಡಿದ. ಅವಳು ಖಾಲಿ ಲೋಟದಿಂದ ಟೀ ಕುಡಿದಳು.

ಮುಂದಿನ ಬೆಳೆಯ ಹುಳಕ್ಕೆ ನಾಲ್ಕನೇ ಜ್ವರದ ವಾರ ಬಂತು. ಹಿಂದಿನ ಸಲ ಅಜ್ಜೀಪುರಕ್ಕೆ ಹೋದಾಗ ಕುಮಾರನ ತಾಯಿ ಶಿವರತ್ನಮ್ಮ, ರಾಮಾಪುರದಲ್ಲಿ ಮಗನಿಗೊಂದು ಹೆಣ್ಣು ಗೊತ್ತಾಗಿದೆ, ಅಮಾವಾಸ್ಯೆ ಕಳೆದ ಮೇಲೆ ನೋಡಲು ಹೋಗಬೇಕು ಅಂದಿದ್ದಳು. ಅದನ್ನು ಕೇಳಿಸಿಕೊಂಡ ದಿನದಿಂದ ನಂಜಮಣಿಗೆ ಊಟ ಸರಿಯಾಗಿ ಸೇರುತ್ತಿರಲಿಲ್ಲ. ಹುಳದ ಚಿಂತೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದಳು.

ಆ ದಿನ ಮಧ್ಯಾಹ್ನ ಕುಮಾರನ ಮೆಸೇಜು ಬಂತು. "ಜ್ವರ ಮೇಡಂ. ಇವತ್ತು ಬರಬ್ಯಾಡಿ."

ನಂಜಮಣಿಗೆ ನಗು ಬಂತು. ಪಾಠ ಕಲಿತವಳ ಹೆಮ್ಮೆಯಿಂದ ಉತ್ತರಿಸಿದಳು. "ಗೊತ್ತು ಗೊತ್ತು. ಈ ಸಲ ಬ್ಲೀಚಿಂಗ್ ಪೌಡರ್ ತರಲ್ಲ. ಆರಾಮಾಗಿ ಏಳಲಿ, ಕಾಯ್ತೀನಿ." ಜೊತೆಗೆ ಒಂದು ನಗುವ ಮುಖ.

ಮೆಸೇಜಿನ ಕೆಳಗೆ ಎರಡು ನೀಲಿ ಗೆರೆ ಬಿತ್ತು, ಅವನು ಓದಿದ್ದ. ಉತ್ತರ ಬರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಆತುರಕ್ಕೆ ಕೊನೆಯ ಟ್ಯೂಬನ್ನು ಫ್ರೀಜರಿನಿಂದ ತೆಗೆದು ಐಸ್ ಮೇಲೆ ಕರಗಲು ಇಟ್ಟಳು. ಕರಗಿದ ಆಂಟಿಬಾಡಿಯನ್ನು ಮತ್ತೆ ಗಟ್ಟಿ ಮಾಡುವಂತಿಲ್ಲ; ಫ್ರಿಜ್ಜಿನಲ್ಲಿ ಕೆಲವು ದಿನ ತಡೆದೀತು, ಅಷ್ಟೇ. ಇರಲಿ, ಕುಮಾರ್ ಬಂದೇ ಬರುತ್ತಾನೆ. ಜ್ವರಕ್ಕೆ ಕೂತ ಹುಳ ಇಷ್ಟು ಹೊತ್ತಿಗೆ ಎದ್ದಿರಬೇಕು.

ಅವನು ಬರಲಿಲ್ಲ. ಫೋನ್ ಮಾಡಿದರೆ ಬಡಿದುಕೊಂಡು ಬಡಿದುಕೊಂಡು ನಿಂತಿತು. ಮತ್ತೆ ಮಾಡಿದಳು. ಟೀ ಹೊತ್ತಾಯಿತು, ಊಟದ ಹೊತ್ತಾಯಿತು. ಕೋಪ ಬಂದಿದೆಯೇ? ನಗುವ ಮುಖ ಕಳಿಸಿದ್ದು ಹೆಚ್ಚಾಯಿತೇ? ಅಥವಾ ಈ ಹೊತ್ತಿನಲ್ಲಿ ಇಸ್ತ್ರಿ ಶರ್ಟು ಹಾಕಿಕೊಂಡು, ರಾಮಾಪುರದ ಯಾವುದೋ ಜಗಲಿ ಮೇಲೆ ಕೂತು, ಉಪ್ಪಿಟ್ಟು ತಿನ್ನುತ್ತಾ ಒಳಗಿನ ಬಾಗಿಲ ಕಡೆ ನೋಡುತ್ತಿದ್ದಾನೆಯೇ? ಆ ಉಪ್ಪಿಟ್ಟಿನ ಮೇಲೆ ಅವಳಿಗೆ ವಿಪರೀತ ಸಿಟ್ಟು ಬಂತು.

ಸಂಜೆಯ ಹೊತ್ತಿಗೆ ಯಾರೋ ಫೋನ್ ಎತ್ತಿದರು. ಕುಮಾರನ ಸೋದರಮಾವ ಪುಟ್ಟಮಾದಯ್ಯ.

"ಯಾರು, ಮೇಡಮ್ನೋರಾ? ಫೋನ್ ಇಲ್ಲೇ ಬುಟ್ಟೋಗವ್ರೆ. ನಾನು ಸೊಪ್ಪಾಕಕ್ ಬಂದೆ. ಜ್ವರ ಜಾಸ್ತಿಯಾಗಿ ಕೊಳ್ಳೇಗಾಲದ ಆಸ್ಪತ್ರೆಗೆ ತಕಂಡೋದ್ರಲ್ಲ, ನಿನ್ನೆ ಸಂದೇಲೆ."

"ಹುಳಾನಾ?" ಅಂದಳು ನಂಜಮಣಿ.

"ಉಳನ ಯಾಕ್ ತಾಯಿ ಆಸ್ಪತ್ರೆಗೆ ತಕಂಡೋದರು? ಕುಮಾರನ್ನ. ಡೆಂಗಿ ಅಂತೆ."

ಮೈಸೂರಿನಲ್ಲಿ ಕಲಿತ ನಯದ ಮಾತೆಲ್ಲ ಹಾರಿಹೋಯಿತು. "ಎಲ್ಲವ್ರೆ? ಯಾವ ಆಸ್ಪತ್ರೆ? ಎಂಗವ್ರೆ ಈಗ?" ಅಂತ ಯಳಂದೂರಿನ ಹುಡುಗಿಯೇ ಕೇಳಿದಳು. ಪ್ರಯೋಗಾಲಯದಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರದ ಆಸ್ಪತ್ರೆ. ನಿನ್ನೆಯಿಂದ ಅವನು ಅಲ್ಲಿದ್ದ. ಆರಾಮಾಗಿ ಏಳಲಿ ಅಂತ ಬರೆದು, ನಗುವ ಮುಖ ಹಾಕಿ, ಅವಳು ಇಲ್ಲಿ ಕೂತಿದ್ದಳು.

ಅರ್ಧ ದಾರಿ ಓಡಿದ ಮೇಲೆ ಟ್ಯೂಬಿನ ನೆನಪಾಯಿತು. ಬೆಂಚಿನ ಮೇಲೆ, ಕರಗುತ್ತಿರುವ ಐಸಿನ ನಡುವೆ. ಸತ್ತ ಮೊಲದ ಕೊನೆಯ ಹನಿ. ಕಾಲು ಒಂದು ಗಳಿಗೆ ತಡೆಯಿತು. ಹಿಂದಕ್ಕೆ ಹೋಗಲಿಲ್ಲ. ಓಡುತ್ತಲೇ ಶಂಕರಮ್ಮನಿಗೆ ಫೋನ್ ಮಾಡಿ, "ಬೆಂಚ್ ಮೇಲಿರೋ ಸಣ್ಣ ಟ್ಯೂಬನ್ನ ಫ್ರಿಜ್ ಒಳಗಿಡಿ ಶಂಕರಮ್ಮ, ಕೆಳಗಡೆ, ಮೇಲೆ ಬೇಡ," ಅಂದಳು. ಆಮೇಲೆ ಅದರ ಬಗ್ಗೆ ಯೋಚಿಸಲಿಲ್ಲ.

ವಾರ್ಡಿನ ಮೂಲೆಯ ಮಂಚದಲ್ಲಿ ಕುಮಾರ್ ನಿದ್ದೆಯಲ್ಲಿದ್ದ. ತುಟಿ ಒಡೆದು, ಕಣ್ಣು ಒಳಕ್ಕೆ ಹೋಗಿತ್ತು. ಕೈಗೆ ಡ್ರಿಪ್ಪು. ಪಕ್ಕದಲ್ಲಿ ಶಿವರತ್ನಮ್ಮ ನೆಲದ ಮೇಲೆ ಕೂತಿದ್ದಳು. ನಂಜಮಣಿಯನ್ನು ಕಂಡವಳೇ ಮಂಚದ ಕೆಳಗೆ ಕೈ ಹಾಕಿ ಡಬ್ಬಿ ಎಳೆದಳು.

"ತಕವ್ವ ನಿನ್ ಉಳ. ಜ್ವರ ಎದ್ದವು ಆರಿಸ್ಕಂಡ್ ಬಂದಿವ್ನಿ. ಮೈಯೆಲ್ಲ ಕೆಂಡ ಇಟ್ಕಂಡು ಇದುನ್ ಕಟ್ಸುದ. ಐಸ್ ಕರಗೋಯ್ತದೆ, ಐಸ್ ಕರಗೋಯ್ತದೆ ಅಂತ ಕನವರ್ಸಿ ಕನವರ್ಸಿ ಪ್ರಾಣ ತಿಂದ್ಬುಟ್ಟ. ಎದ್ರುಗಡೆ ಜ್ಯೂಸ್ ಅಂಗಡೀಲಿ ಇಸ್ಕಂಡು ಇಸ್ಕಂಡು ಆಕ್ತಾ ಇವ್ನಿ. ಪ್ರಯೋಗದ ಮೇಡಂ ಅಂದ್ರೆ ಯಾರ್ಗೂ ಗೊತ್ತಿಲ್ಲ ಇಲ್ಲಿ."

ನಂಜಮಣಿ ಡಬ್ಬಿ ತೆರೆದಳು. ಜ್ಯೂಸ್ ಅಂಗಡಿಯ ಐಸಿನ ನಡುವೆ ಹುಳಗಳು ತಣ್ಣಗೆ ಮಲಗಿದ್ದವು. ಎಲ್ಲೋ ಒಂದು ಕಡೆ ನಿಂಬೆಹಣ್ಣಿನ ಬೀಜವೂ ಇತ್ತು. ಅವಳು ಅಳತೊಡಗಿದಳು.

"ಅಳಬ್ಯಾಡ ಕಣವ್ವ. ಡಾಕ್ಟ್ರು ನಾಳೆ ಕಳೀಲಿ, ಭಯ ಇಲ್ಲ ಅಂದವ್ರೆ." ಶಿವರತ್ನಮ್ಮ ಸೆರಗಿನಿಂದ ಮಗನ ಹಣೆ ಒರೆಸಿದಳು. ಆಮೇಲೆ ಯಾರಿಗೋ ದೂರು ಹೇಳಿಕೊಳ್ಳಲು ಕಾದಿದ್ದವಳ ಹಾಗೆ ಶುರುಮಾಡಿದಳು. "ಇವ್ನ ಮದ್ವೆ ಮಾಡುದ್ರೆ ನೋಡ್ಕಳವ್ರು ಒಬ್ರು ಇರೋರು. ರಾಮಾಪುರಕ್ ಬಾಲಾ, ಎಣ್ಣು ನೋಡ್ಕ ಬರನ ಅಂತ ತಿಂಗ್ಳಿಂದ ಬಡ್ಕತಾ ಇವ್ನಿ. ಏನಂತನೆ ಗೊತ್ತಾ? ಕೈ ಖಾಲಿ ಇಲ್ಲ ಕಣವ್ವ ಅಂತನೆ. ಮೊನ್ನೆನೂ ಅದೇ, ನೆನ್ನೆ ಜ್ವರದಲ್ಲೂ ಅದೇ. ಕೈ ಖಾಲಿ ಇಲ್ಲ. ಅಂತಾದ್ದು ಏನವ್ವ ಕೆಲ್ಸ ಇವುಂದು?"

ಡಬ್ಬಿಯ ಮುಚ್ಚಳ ನಂಜಮಣಿಯ ಕೈಯಿಂದ ಜಾರಿ ವಾರ್ಡಿನ ತುಂಬ ಸದ್ದಾಯಿತು. ಕುಮಾರ್ ಕಣ್ಣು ಬಿಡಲಿಲ್ಲ.

ಅವನು ಚೇತರಿಸಿಕೊಂಡ. ಡಾಕ್ಟರು ಮನೆಗೆ ಕಳಿಸಿದ ದಿನ ನಂಜಮಣಿ ಪ್ರಯೋಗಕ್ಕೆ ಕೂತಳು. ಹುಳದ ಸಾರವನ್ನು ಎರಡು ಪಟ್ಟಿಗಳ ಮೇಲೆ ಇಳಿಸಿದಳು. ಒಂದರ ಮೇಲೆ ಬರಿಗೈಯ ಆಂಟಿಬಾಡಿ. ಇನ್ನೊಂದರ ಮೇಲೆ, ಮೊದಲೇ ಕೈಗೆ ತುಂಡು ಕೊಟ್ಟಿದ್ದು. ಮಾರನೆಯ ದಿನ ಪಟ್ಟಿಗಳನ್ನು ತೊಳೆದು ನೋಡಿದಳು.

ಮೊದಲನೆಯದರಲ್ಲಿ ಗೆರೆ ಬಂದಿತ್ತು. ಎರಡನೆಯದರಲ್ಲೂ ಬಂದಿತ್ತು, ಅದೇ ಜಾಗದಲ್ಲಿ, ಅಷ್ಟೇ ಕಪ್ಪಾಗಿ.

ಗೈಡು ಫೋನಿನಲ್ಲಿ ಬೈಯಲಿಲ್ಲ. "ಸುಳ್ಳು ಅಂತ ಈಗಲೇ ಗೊತ್ತಾಯ್ತಲ್ಲಮ್ಮ, ಒಳ್ಳೇದೇ," ಅಂದರು. "ಅಲ್ಲಿಂದು ಮುಗಿಸಿ ಬಾ." ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ಯಳಂದೂರಿನಿಂದ ಅಮ್ಮ ಸೋಮಮ್ಮ ಫೋನ್ ಮಾಡಿ, ಮುಗೀತಾ ಅಂತ ಕೇಳಿದಳು. ಮುಗೀತು ಅಂದಳು ನಂಜಮಣಿ.

ಬಟ್ಟೆ ಮಡಿಸಿಡುವಾಗ ಹೊಸ ಭಯ ಹತ್ತಿಕೊಂಡಿತು. ಕೈ ಖಾಲಿ ಇಲ್ಲ ಅಂದನಂತೆ. ಸೊಪ್ಪು ಕುಯ್ಯುವವನಿಗೆ ಕೈ ಖಾಲಿ ಇರುತ್ತದೆಯೇ? ದಿನಕ್ಕೆ ಎಷ್ಟು ಜನ ಎಷ್ಟು ಸಲ ಹೇಳುವ ಮಾತದು. ಜ್ವರ ಅಂದದ್ದನ್ನು ಎರಡು ಸಲವೂ ತಪ್ಪಾಗಿಯೇ ತಿಳಿದುಕೊಂಡವಳು, ಈ ಮಾತನ್ನು ಸರಿಯಾಗಿ ತಿಳಿದುಕೊಂಡೆ ಅಂತ ಯಾವ ಧೈರ್ಯದಲ್ಲಿ ನಂಬುವುದು? ಗೆರೆ ಕಂಡದ್ದು ನಿಜ. ಅದೂ ಸುಳ್ಳಾಗಿದ್ದರೆ? ಅದನ್ನು ಪರೀಕ್ಷೆ ಮಾಡಲು ಇದ್ದದ್ದು ಒಂದೇ ದಾರಿ, ಹೋಗಿ ಕೇಳುವುದು. ಅವಳಿಗೆ ಜೀವಮಾನದಲ್ಲಿ ಅಷ್ಟು ಹೆದರಿಕೆ ಎಂದೂ ಆಗಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ. ಬಸ್ಸಿನ ತುಂಬ ಮಾದಪ್ಪನ ಬೆಟ್ಟಕ್ಕೆ ಹೋಗುವ ಜನ. ಹನೂರಿನ ತನಕ ಒಂಟಿಕಾಲಲ್ಲಿ ನಿಂತಳು. ಕೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನಾನಾ ಥರ ಜೋಡಿಸಿಕೊಂಡಳು. ಅಜ್ಜೀಪುರದಲ್ಲಿ ಇಳಿಯುವಷ್ಟರಲ್ಲಿ ಎಲ್ಲ ಮರೆತಿತ್ತು.

ಕುಮಾರ್ ಹುಳದ ಮನೆಯ ಹೊರಗೆ ಮಂಚ ಹಾಕಿಸಿಕೊಂಡು ಬಿಸಿಲಿಗೆ ಕೂತಿದ್ದ. ಶರ್ಟು ಅವನಿಗೆ ದೊಡ್ಡದಾದ ಹಾಗೆ ಕಾಣುತ್ತಿತ್ತು. ಅವಳನ್ನು ಕಂಡು ಏಳಲು ಹೋದ.

"ಏಳಬೇಡಿ. ನೀವು ಜ್ವರಕ್ಕೆ ಕೂತವರು, ಇನ್ನೂ ಎದ್ದಿಲ್ಲ."

ಅವನು ನಕ್ಕ. ನಕ್ಕರೆ ಸುಸ್ತಾಗುವ ನಗು. "ಆರಾಮಾಗಿ ಏಳ್ಲಿ ಅಂತ ಬರ್ದಿದ್ರಲ್ಲ, ಅದುಕ್ಕೇ ನಿಧಾನಕ್ ಏಳ್ತಾ ಇವ್ನಿ."

"ತಮಾಷೆ ಬೇಡ. ಸತ್ತುಹೋಗಿದ್ದರೆ?" ಅಂದುಬಿಟ್ಟಳು.

ಅವನು ಮಂಚದ ಒಂದು ಕಡೆಗೆ ಸರಿದ. ಅವಳು ಕೂತಳು, ಇಬ್ಬರ ನಡುವೆ ಸೊಪ್ಪಿನ ಹೊರೆ ಇಡುವಷ್ಟು ಜಾಗ ಬಿಟ್ಟು.

"ಗೆರೆ ಬಂತಾ ಮೇಡಂ?"

"ಎರಡರಲ್ಲೂ ಬಂತು."

ಅವನಿಗೆ ಅರ್ಥವಾಯಿತು. ಮುಖ ಸಣ್ಣದಾಯಿತು. "ಅಂಗಾರೆ ಮೊಲಕ್ಕೆ ಗುರ್ತು ಸಿಕ್ಲಿಲ್ಲ."

"ಇಲ್ಲ. ನನ್ನ ಕೆಲಸ ಮುಗೀತು ಇಲ್ಲಿ. ಈ ವಾರ ಮೈಸೂರಿಗೆ ಹೋಗ್ತೀನಿ."

ಒಳಗಿನಿಂದ ಹುಳ ಸೊಪ್ಪು ಮೇಯುವ ಸದ್ದು ಬರುತ್ತಿರಲಿಲ್ಲ. ಅವೆಲ್ಲ ಹಣ್ಣಾಗಿ, ತಿನ್ನುವುದು ಬಿಟ್ಟು, ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು.

"ಹೋಗೋಕೆ ಮುಂಚೆ ಒಂದು ಕೇಳಬೇಕು," ಅಂದಳು ನಂಜಮಣಿ. "ಹೆಣ್ಣು ನೋಡೋಕೆ ಬಾ ಅಂದ್ರೆ 'ಕೈ ಖಾಲಿ ಇಲ್ಲ' ಅಂದ್ರಂತೆ. ನಿಮ್ಮಮ್ಮ ಹೇಳಿದ್ರು. ನಾನು ಮಾತನ್ನ ತಪ್ಪು ತಿಳ್ಕೊಳ್ಳೋದು ನಿಮಗೆ ಗೊತ್ತಲ್ಲ. ಅದಕ್ಕೆ ಕೇಳ್ತಿದ್ದೀನಿ. ಸೊಪ್ಪಿನ ಕೆಲಸ ಇತ್ತಾ?"

ಕುಮಾರ್ ಅಂಗಳದ ಕಡೆ ಮುಖ ತಿರುಗಿಸಿದ. ಅವಳಿಗೆ ಎದ್ದು ಓಡಿಬಿಡೋಣ ಅನ್ನಿಸಿತು.

"ಸೊಪ್ಪಿನ್ ಕೆಲ್ಸಕ್ಕೆ ಮಾವ ಇಲ್ವಾ ಮೇಡಂ," ಅಂದ. "ನೀವು ಟೀ ಕುಡೀತಾ ಹೇಳಿದ್ರಲ್ಲ, ಅದೇ ಅರ್ಥದಲ್ ಅಂದೆ. ಅವ್ವುಂಗೆ ಗೊತ್ತಾಗಲ್ಲ ಅಂತ ಗೊತ್ತಿತ್ತು. ನಿಮ್ಗೆ ಹೇಳಕ್ಕೆ ಧೈರ್ಯ ಸಾಲ್ನಿಲ್ಲ. ನೀವು ಓದ್ದೋರು, ನಾಳೆ ಎಲ್ಲೋ ಓಗೋರು. ನಾನು ಇಡ್ಕಂಡಿರದು ನನ್ಕೈಲಿ ಇರ್ಲಿ ಅಂದ್ಕಂಡೆ."

ಅವನು ಅಂಗೈ ಬಿಚ್ಚಿ ಮಂಚದ ಮೇಲೆ, ನಡುವಿನ ಜಾಗದಲ್ಲಿ ಇಟ್ಟ. ಡ್ರಿಪ್ಪಿನ ಸೂಜಿ ಚುಚ್ಚಿದ ಕಡೆ ಇನ್ನೂ ನೀಲಿಗಟ್ಟಿತ್ತು.

"ಮೈಸೂರು ದೂರ ಅಲ್ಲ," ಅಂದಳು ನಂಜಮಣಿ, ತನ್ನ ಕೈಯನ್ನು ಅದರಲ್ಲಿಟ್ಟು. "ಶನಿವಾರ ಬಸ್ಸು ಹತ್ತಿದರೆ ಸಂಜೆಗೆ ಇಲ್ಲಿರ್ತೀನಿ. ನಾನೂ ನಿಮ್ಮನ್ನೇ ಇಷ್ಟಪಟ್ಟಿದ್ದೀನಿ ಕುಮಾರ್. ಇದರಲ್ಲಿ ಅನುಮಾನ ಏನಿಲ್ಲ ನನಗೆ."

ಅವನ ಬೆರಳು ಮುಚ್ಚಿಕೊಂಡವು. ಅಷ್ಟು ದಿನ ಅವಳ ಎದೆಯಲ್ಲಿ ಕುಣಿಯುತ್ತಿದ್ದ ಗಾಬರಿ ಒಂದು ಕಡೆ ಕೂತಿತು.

ಹುಳದ ಮನೆಯೊಳಗಿಂದ ಶಿವರತ್ನಮ್ಮನ ದನಿ ಬಂತು. "ಲೇ ಕುಮಾರ, ಉಳ ಎಲ್ಲ ಅಣ್ಣಾಗವೆ, ಗೂಡು ಕಟ್ಟಕ್ಕೆ ಚಂದ್ರಿಕೆ ತಟ್ಟೆಗೆ ಬುಡ್ಬೇಕು. ಕೂತಲ್ಲೇ ಆರಿಸ್ಕೊಡೀವಂತೆ, ಬಂದು ಒಂದ್ ಕೈ ಆಕ್ಲಾ."

"ಕೈ ಖಾಲಿ ಇಲ್ಲ ಕಣವ್ವ," ಅಂದ ಕುಮಾರ್.

"ಮತ್ತೆ ಸುರು ಮಾಡ್ದ ನೋಡು. ಅದೇನ್ ಕೆಲ್ಸ ಅಂತ ಇವತ್ತು ನೋಡೇಬುಡ್ತಿನಿ," ಅಂತ ಗೊಣಗುತ್ತಾ ಶಿವರತ್ನಮ್ಮ ಬಾಗಿಲಿಗೆ ಬಂದಳು. ಬಂದವಳು ಅಲ್ಲೇ ನಿಂತಳು. ಮಂಚ ನೋಡಿದಳು, ಮಂಚದ ನಡುವೆ ಇದ್ದದ್ದನ್ನು ನೋಡಿದಳು. ನಂಜಮಣಿ ಕೈ ಎಳೆದುಕೊಳ್ಳಲು ಹೋದಳು, ಅವನು ಬಿಡಲಿಲ್ಲ.

"ಅಂಗೋ," ಅಂದಳು ಶಿವರತ್ನಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹುಳ ಬಿಡಲು ಒಬ್ಬಳೇ ಒಳಗೆ ಹೋದಳು.